ಶೇಕಡಾವಾರು ಲೆಕ್ಕವೊಂದೇ ಸಾಲದು

ಮಾನ್ಯ ಸಂಪಾದಕರೇ,

ಔಷಧ, ಆಹಾರ, ಹೊಸ ತಂತ್ರಜ್ಞಾನ ಕುರಿತ ವರದಿಗಳಲ್ಲಿ ‘ಅಪಾಯ ಇಮ್ಮಡಿ’, ‘ಶೇ 50ರಷ್ಟು ಇಳಿಕೆ’ ಎಂಬಂಥ ಶೀರ್ಷಿಕೆಗಳು ಮೇಲಿಂದ ಮೇಲೆ ಬರುತ್ತವೆ. ಎಷ್ಟು ಜನರಲ್ಲಿ ಎಷ್ಟು ಮಂದಿಗೆ ಎಂಬುದು ಮಾತ್ರ ಹಲವು ಬಾರಿ ಕೊನೆಯ ಸಾಲಿನವರೆಗೆ ಓದಿದರೂ ತಿಳಿಯುವುದಿಲ್ಲ. ವಿಜ್ಞಾನದ ಪದವಿ ಇಲ್ಲದವರೂ ಕೇಳಬಹುದಾದ, ಕೇಳಲೇಬೇಕಾದ ಪ್ರಶ್ನೆ ಇದು.

1995ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿಯು, ಮೂರನೇ ತಲೆಮಾರಿನ ಗರ್ಭನಿರೋಧಕ ಮಾತ್ರೆಗಳಿಂದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ ಎಂದು ಎಚ್ಚರಿಸಿತು. ಎಚ್ಚರಿಕೆಯಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಹಳೆಯ ಮಾತ್ರೆ ಸೇವಿಸುವ ಸುಮಾರು 7,000 ಮಹಿಳೆಯರಲ್ಲಿ ಒಬ್ಬರಿಗೆ ಕಾಣಿಸುತ್ತಿದ್ದ ತೊಂದರೆ, ಹೊಸ ಮಾತ್ರೆಯಿಂದ ಇಬ್ಬರಿಗೆ ಕಾಣಿಸುತ್ತಿತ್ತು ಎಂಬುದೇ ಆ ‘ಎರಡು ಪಟ್ಟಿ’ನ ಅರ್ಥವೆಂದು ಎಷ್ಟೋ ಮಂದಿಗೆ ಯಾರೂ ಬಿಡಿಸಿ ಹೇಳಲಿಲ್ಲ. ಗಾಬರಿಗೊಂಡ ಅನೇಕರು ಮಾತ್ರೆಯನ್ನೇ ಬಿಟ್ಟರು. ಮರುವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 13,000 ಗರ್ಭಪಾತಗಳು ಹೆಚ್ಚುವರಿಯಾಗಿ ನಡೆದವೆಂಬ ಅಂದಾಜಿದೆ. ರಕ್ತ ಹೆಪ್ಪುಗಟ್ಟುವ ಸಂಭವ ಆ ಮಾತ್ರೆಗಿಂತ ಗರ್ಭಾವಸ್ಥೆಯಲ್ಲೇ ಹೆಚ್ಚು ಎಂಬುದನ್ನು ನೆನೆದರೆ ಸಂಕಟವಾಗುತ್ತದೆ.

2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಸಂಸ್ಕರಿಸಿದ ಮಾಂಸವನ್ನು, ಕ್ಯಾನ್ಸರ್‌ಕಾರಕಗಳ ಪಟ್ಟಿಯಲ್ಲಿ ತಂಬಾಕು ಇರುವ ಗುಂಪಿಗೇ ಸೇರಿಸಿದಾಗಲೂ, ಎರಡೂ ಸಮಾನ ಅಪಾಯಕಾರಿ ಎಂದು ಹಲವರು ಭಾವಿಸಿದರು. ಆ ವರ್ಗೀಕರಣ ಹೇಳುವುದು ಸಾಕ್ಷ್ಯ ಎಷ್ಟು ಗಟ್ಟಿ ಎಂಬುದನ್ನೇ ಹೊರತು ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ. ದಿನಕ್ಕೆ 50 ಗ್ರಾಂ ತಿಂದರೆ ಕರುಳಿನ ಕ್ಯಾನ್ಸರ್‌ನ ಸಂಭವ ಶೇ 18ರಷ್ಟು ಹೆಚ್ಚುತ್ತದೆ ಎಂದು ಅದೇ ಸಂಸ್ಥೆ ತಿಳಿಸಿತ್ತು. ನೂರರಲ್ಲಿ ಐವರಿಗೆ ಬರುವ ಕಾಯಿಲೆಯಾದರೆ, ಈ ಏರಿಕೆಯಿಂದ ಅದು ಸುಮಾರು ಆರು ಮಂದಿಗೆ ಬರುತ್ತದೆ. ಕಡೆಗಣಿಸುವ ಮಾತಲ್ಲ, ಆದರೆ ತಂಬಾಕಿನ ಹಾನಿ ಇದಕ್ಕಿಂತ ಬಹಳ ದೊಡ್ಡದು.

ಆದ್ದರಿಂದ ನನ್ನ ವಿನಂತಿ ಇಷ್ಟೇ: ಶೇಕಡಾವಾರು ಏರಿಕೆ ಅಥವಾ ಇಳಿಕೆಯನ್ನು ಪ್ರಕಟಿಸುವಾಗ, ಮೊದಲು ಎಷ್ಟಿತ್ತು, ಈಗ ಎಷ್ಟಾಯಿತು ಎಂಬ ಮೂಲ ಸಂಖ್ಯೆಗಳನ್ನೂ ಜೊತೆಯಲ್ಲೇ ಕೊಡಿ. ಅಧ್ಯಯನ ನಡೆದದ್ದು ಇಲಿಗಳ ಮೇಲೋ ಮನುಷ್ಯರ ಮೇಲೋ, ಎಷ್ಟು ಮಂದಿಯ ಮೇಲೆ, ಯಾರ ಹಣದಿಂದ ಎಂಬುದನ್ನೂ ತಿಳಿಸಿ. ಪತ್ರಿಕಾ ಪ್ರಕಟಣೆಯಲ್ಲಿ ಈ ಮಾಹಿತಿ ಇಲ್ಲದಿದ್ದರೆ, ಇಲ್ಲವೆಂಬುದನ್ನೇ ವರದಿಯಲ್ಲಿ ಸ್ಪಷ್ಟವಾಗಿ ಬರೆಯಿರಿ.

ಇತಿ,
ನಿಮ್ಮ ಓದುಗ