ಕಾಕಾಗೆ, ಸರ್‌ಗೆ, ಹುಬ್ಬಳ್ಳಿಯ ಮೊಬೈಲ್ ಅಂಗಡಿಯವರಿಗೆ

ಈ ತಿಂಗಳು ಕೆಲಸದಿಂದ ನಿವೃತ್ತಳಾಗುತ್ತಿದ್ದೇನೆ. ಮೊಬೈಲ್ ಫೋನಿಗೆ ಸಾಫ್ಟ್‌ವೇರ್ ಬರೆಯುವ ಕೆಲಸದಿಂದ ಶುರುಮಾಡಿದೆ, ಕೊನೆಗೆ ಆ ವಿಭಾಗವನ್ನೇ ನಡೆಸಿದೆ. ಬೀಳ್ಕೊಡುವ ದಿನ ಎಲ್ಲರೂ ನನ್ನ ಬಗ್ಗೆಯೇ ಜಾಸ್ತಿ ಮಾತಾಡಿದರು. ಆದರೆ ನನ್ನನ್ನು ಇಲ್ಲಿಯವರೆಗೆ ತಂದವರು ಗದಗ, ಹುಬ್ಬಳ್ಳಿಯಲ್ಲಿದ್ದಾರೆ. ಅವರಿಗೆ ಇದು.

ಮೊದಲು ನಮ್ಮ ಕಾಕಾ. ಗದಗಿನ ಒಂದು ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ, ಅಂದರೆ ಸೀಸದ ಅಕ್ಷರ, ಜೋಡಿಸುತ್ತಿದ್ದರು. 2000ದಲ್ಲಿ ಬಂದ ನೋಕಿಯಾ 3310 ನೆನಪಿದೆ ಅಲ್ವಾ? ಅದರ ಪರದೆಯಲ್ಲಿ ಅಗಲಕ್ಕೆ 84 ಚುಕ್ಕೆ, ಎತ್ತರಕ್ಕೆ 48. ಆಗಿನ ಎಷ್ಟೋ ಫೋನುಗಳು ಹೆಚ್ಚುಕಮ್ಮಿ ಹಾಗೇ. ಅಂಥವುಗಳಲ್ಲಿ ಕನ್ನಡ ಕಾಣಿಸುವಂತೆ ಮಾಡುವುದು ನಮ್ಮ ತಂಡದ ಕೆಲಸ. ಇಂಗ್ಲಿಷ್ ಅಷ್ಟರಲ್ಲಿ ಹೇಗೋ ಕೂರುತ್ತದೆ. ಕನ್ನಡಕ್ಕೆ ಕೆಳಗೆ ಒತ್ತಿಗೂ ಜಾಗ ಬೇಕು. ಜಾಗ ಸಿಕ್ಕರೂ ಮುಗಿಯಲಿಲ್ಲ. ‘ಸ್ತ್ರೀ’ ಅನ್ನುವ ಒಂದೇ ಅಕ್ಷರಕ್ಕೆ ಯುನಿಕೋಡ್‌ನಲ್ಲಿ, ಅಂದರೆ ಎಲ್ಲ ಭಾಷೆಯ ಅಕ್ಷರಗಳಿಗೂ ಸಂಖ್ಯೆ ಕೊಡುವ ಪದ್ಧತಿಯಲ್ಲಿ, 6 ಸಂಕೇತ. ಅವು ಫೋನಿನೊಳಗೆ ಉಚ್ಚಾರದ ಕ್ರಮದಲ್ಲಿರುತ್ತವೆ, ಕಣ್ಣಿಗೆ ಕಾಣಬೇಕಾದ ಕ್ರಮವೇ ಬೇರೆ. ‘ಸೂರ್ಯ’ ಬರೆದರೆ ರಕಾರ ಮೊದಲು ಬರುತ್ತದೆ, ಆದರೆ ಅರ್ಕಾವತ್ತಾಗಿ ಯಕಾರದ ಆಚೆ ಹೋಗಿ ಕೂರಬೇಕು. ಇದನ್ನು ಕನ್ನಡ ಬರದ ನನ್ನ ತಂಡಕ್ಕೆ ತಿಳಿಸಲು ಒದ್ದಾಡುತ್ತಿದ್ದೆ. ರಜೆಗೆ ಊರಿಗೆ ಹೋದಾಗ ಕಾಕಾ ‘ಸ್ತ್ರೀ’ ತೋರಿಸಲು ಹಳೆ ಮೊಳೆಗಳನ್ನು ಚಾಪೆಯ ಮೇಲೆ ಹರವಿದರು. “ಮೊದ್ಲ ಗುಡಿಸಿನ ‘ಸಿ’ ಇಡು. ಆಮ್ಯಾಲೆ ಒತ್ತು. ದೀರ್ಘ ಕಟ್ಟಕಡೀಗೆ ನೋಡವ್ವಾ” ಅಂದರು. ನಮ್ಮ ಪ್ರೋಗ್ರಾಂ ಆ ಕ್ರಮವನ್ನೇ ಹಿಡಿಯಿತು. ನನ್ನ ಇಡೀ ವೃತ್ತಿಯಲ್ಲಿ ಇಷ್ಟು ಚೆನ್ನಾಗಿ ನನಗೆ ಯಾರೂ ಕಲಿಸಿಲ್ಲ.

ಆಮೇಲೆ ನಾನು ಆಗ ಇದ್ದ ಕಂಪನಿ ಫೋನಿನ ವ್ಯವಹಾರವನ್ನೇ ನಿಲ್ಲಿಸಿತು. ಆ ಕೆಲಸ ಜನರ ಕೈಗೆ ಬರಲೇ ಇಲ್ಲ. ತಂಡದ ಹುಡುಗ ಹುಡುಗಿಯರಿಗೆ ಕೆಲಸ ಹುಡುಕಬೇಕಿತ್ತು, ನನಗೂ. ಹುಬ್ಬಳ್ಳಿಯ ಬಿವಿಬಿ ಕಾಲೇಜಿನಲ್ಲಿ ನನಗೆ ಕಲಿಸಿದ್ದ ಸರ್, ಕೇಳದಿದ್ದರೂ ಹತ್ತಾರು ಕಡೆ ಫೋನ್ ಮಾಡಿದರು. ನಮ್ಮ ಅವ್ವ ಬಂದು ಮನೆ ನೋಡಿಕೊಂಡಳು. ಸರ್, ನಿಮ್ಮ ಋಣ ದೊಡ್ಡದು. ತಂಡದಲ್ಲಿ ನಾಲ್ವರು ಕೊನೆಯ ದಿನದವರೆಗೂ ಕನ್ನಡದ ದೋಷಗಳನ್ನು ತಿದ್ದುತ್ತಿದ್ದರು, ಹೊರಗೆ ಬರುವುದಿಲ್ಲ ಎಂದು ಗೊತ್ತಿದ್ದೂ. ಅವರನ್ನು ನಾನು ಎಂದೂ ಮರೆಯಲಾರೆ.

2012ರಲ್ಲಿ ಆಂಡ್ರಾಯ್ಡ್ 4.1 ಕನ್ನಡವನ್ನು ತೋರಿಸತೊಡಗಿತು. ಮಾಡಿದ್ದು ನಾವಲ್ಲ. ಮಾಡಿದವರನ್ನು ನಾನು ಕಂಡೂ ಇಲ್ಲ. ಅವರಿಗೂ ಕೈ ಮುಗಿಯುತ್ತೇನೆ. ಕಾಕಾ ಆ ಫೋನಿನಲ್ಲಿ ಕನ್ನಡ ಪೇಪರ್ ತೆರೆದು, ಒತ್ತುಗಳನ್ನೆಲ್ಲ ಪರೀಕ್ಷೆ ಮಾಡಿ, ಖುಷಿಪಟ್ಟರು.

ಇನ್ನು ದುರ್ಗದಬೈಲ್ ಕಡೆಯ ಮೊಬೈಲ್ ರಿಪೇರಿ ಅಣ್ಣಂದಿರು. ಗಿರಾಕಿಗಳ ಫೋನಿನಲ್ಲಿ ಅಕ್ಷರ ಒಡೆದು ಕಂಡಾಗಲೆಲ್ಲ ಫೋಟೊ ತೆಗೆದು ಕಳಿಸುತ್ತಿದ್ದಿರಿ. ಯಾರೂ ನಿಮಗೆ ಇದಕ್ಕೆ ದುಡ್ಡು ಕೊಟ್ಟಿಲ್ಲ. ನೀವು ಕಳಿಸಿದ ಫೋಟೊಗಳಿಂದ ಈಗಿನ ಕಂಪನಿಯಲ್ಲಿ ನಾವು ಎಷ್ಟೋ ತಪ್ಪು ಸರಿಮಾಡಿದ್ದೇವೆ. ನಾನು ಕೆಲಸ ಬಿಟ್ಟರೂ ತಂಡ ಅಲ್ಲೇ ಇದೆ, ನಂಬರ್ ಕೂಡ ಅದೇ ಇರುತ್ತದೆ. ದಯವಿಟ್ಟು ಕಳಿಸುತ್ತಿರಿ, ಅವರಿಗೆ ಮುಟ್ಟಿಸುವುದು ನನ್ನ ಜವಾಬ್ದಾರಿ.