ಸದ್ದಿಲ್ಲದ ಜಾಗಕ್ಕೆ ಹೋಗಿ ಮಾತನಾಡಿ ಎಂದವರಿಗೆ

ಇಳಕಲ್, ಬಾಗಲಕೋಟೆ ಜಿಲ್ಲೆ
11 ಆಗಸ್ಟ್ 2025

ಗೆ,
ಮುಖ್ಯ ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ವಿಷಯ: ನನ್ನ ಸೀರೆ ಅಂಗಡಿಯ ಅಲಾರಂಗೆ ನೀವು ಅಳವಡಿಸಿದ ನಿಸ್ತಂತು ಕೀಪ್ಯಾಡ್, ಜುಲೈ 28ರ ರಾತ್ರಿಯ ಘಟನೆ ಹಾಗೂ ಆಗಸ್ಟ್ 6ರಂದು ನಿಮ್ಮವರು ಬರೆದಿಟ್ಟ ಷರಾ.

ಮಾನ್ಯರೇ,

ಈ ಪತ್ರವನ್ನು ಸಮಾಧಾನದಿಂದ ಬರೆಯಬೇಕೆಂದು ನನ್ನ ಹೆಂಡತಿ ಹೇಳಿದ್ದಾಳೆ. ಪ್ರಯತ್ನಿಸುತ್ತೇನೆ. ಇದಕ್ಕೂ ಮೊದಲು ಹನ್ನೊಂದು ಸಲ ಕರೆ ಮಾಡಿದ್ದೇನೆ. ನಾಲ್ಕು ದೂರು ಸಂಖ್ಯೆಗಳು ಮೊಬೈಲಿಗೆ ಬಂದಿವೆ. ಅವುಗಳಲ್ಲಿ ಮೂರನ್ನು ‘ಪರಿಹರಿಸಲಾಗಿದೆ’ ಎಂದು ನೀವೇ ಮುಚ್ಚಿದ್ದೀರಿ. ಯಾರ ಸಮಸ್ಯೆ ಪರಿಹಾರವಾಯಿತು ಎಂಬುದು ಸಂದೇಶದಲ್ಲಿ ಇರಲಿಲ್ಲ.

ನಮ್ಮದು ಕೆಳಗೆ ಅಂಗಡಿ, ಮೇಲೆ ಮನೆ. ಮುಂದೆ ಶಟರ್, ಹಿಂದೆ ಹಿತ್ತಲ ಬಾಗಿಲು. ರಾತ್ರಿ ಶಟರ್ ಎಳೆದ ಮೇಲೆ ಮನೆಯವರೆಲ್ಲ ಓಡಾಡುವುದು ಹಿತ್ತಲಿನಿಂದಲೇ. ಆದ್ದರಿಂದ ಕೋಡ್ ಒತ್ತಿ ಅಲಾರಂ ಹಾಕಿ ತೆಗೆಯಲು ಅಲ್ಲೊಂದು ಕೀಪ್ಯಾಡ್ ಬೇಕೆಂದು ಕೇಳಿದ್ದೆ. ಗೋಡೆ ಅಜ್ಜನ ಕಾಲದ ಕಲ್ಲಿನದು, ಎರಡು ಅಡಿ ದಪ್ಪ. ತಂತಿ ಎಳೆಸಲು ನಾನು ಸಿದ್ಧನಿದ್ದೆ. ಬೇಡವೆಂದವರು ನಿಮ್ಮ ಮಾರಾಟ ಪ್ರತಿನಿಧಿ. ‘ಗೋಡೆ ಕೊರೆಯುವ ಗೋಜೇ ಇಲ್ಲ ಸರ್, ನೂರು ಮೀಟರ್ ದೂರದಿಂದಲೂ ಹಿಡಿಯುತ್ತದೆ’ ಎಂದರು. ಆ ನೂರು ಮೀಟರ್ ‘ತೆರೆದ ಬಯಲಿನಲ್ಲಿ’ ಎಂದು ಕೈಪಿಡಿಯ ಸಣ್ಣ ಅಕ್ಷರಗಳಲ್ಲಿದೆ. ನಾನು ಬಯಲಿನಲ್ಲಿ ಕುಳಿತು ಸೀರೆ ಮಾರುವವನಲ್ಲ.

ಜೂನ್ 14ರಂದು ನಿಮ್ಮ ತಂತ್ರಜ್ಞ ಬಂದ. ಇಪ್ಪತ್ತೆರಡು ವರ್ಷದ ಹುಡುಗ, ಅದು ಅವನಿಗೆ ಅಂದಿನ ಮೂರನೆಯ ಕೆಲಸ. ಮೇಲೆ ಐದು ಗಂಟೆಯ ಬಸ್ಸಿನ ಚಿಂತೆ. ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಒಂದೇ ದಿನ ಮೂರು ಊರು ಹಂಚಿಕೊಟ್ಟವರ ಮೇಲಿದೆ. ಅಲಾರಂನ ಮುಖ್ಯ ಪೆಟ್ಟಿಗೆಯಾದ ಪ್ಯಾನೆಲನ್ನು ಕಬ್ಬಿಣದ ಕಪಾಟಿನ ಮಗ್ಗುಲಿಗೆ, ತಿಜೋರಿಯ ಹಿಂದೆ ಕೂರಿಸಿದ. ಕೀಪ್ಯಾಡನ್ನು ಅದರಿಂದ ಒಂದು ಮೊಳ ದೂರದ ಗಲ್ಲಾದ ಮೇಲಿಟ್ಟು ಗುಂಡಿ ಒತ್ತಿದ. ‘ಪೀಂ’ ಎಂದಿತು. ‘ಜೋಡಣೆಯಾಯಿತು ಸರ್’ ಎಂದ. ಆಮೇಲೆ ಅದನ್ನು ನಲವತ್ತು ಅಡಿ ಆಚೆ, ಎರಡು ಗೋಡೆ ದಾಟಿ, ಹಿತ್ತಲ ಬಾಗಿಲ ಪಕ್ಕ ಸ್ಕ್ರೂ ಹಾಕಿ ಬಿಗಿದ. ಅಲ್ಲಿ ನಿಂತು ಒಂದೇ ಒಂದು ಗುಂಡಿಯನ್ನೂ ಒತ್ತಲಿಲ್ಲ.

ನಿಮ್ಮ ಕೈಪಿಡಿಯ ಹನ್ನೊಂದನೆಯ ಪುಟ ನಿಮಗೆ ಬಾಯಿಪಾಠವೇ ಇರುತ್ತದೆ. ಕೀಪ್ಯಾಡನ್ನು ಮೊದಲು ಅದು ಇರಬೇಕಾದ ಜಾಗದಲ್ಲಿ ಕೈಯಲ್ಲಿ ಹಿಡಿದು, ಅಲಾರಂ ಹಾಕಿ ತೆಗೆದು, ಸಂಕೇತದ ಬಲ ನೋಡಿ, ಆಮೇಲೆಯೇ ಡ್ರಿಲ್ ಹಚ್ಚಬೇಕು ಎಂದು ಅಲ್ಲಿದೆ. ಪ್ಯಾನೆಲ್ ಲೋಹದ ಸಾಮಾನಿನಿಂದ ದೂರವಿರಬೇಕೆಂದು ಅದರ ಕೆಳಗೇ ಇದೆ. ನಮ್ಮೂರಿನ ನೇಕಾರರು ಸೀರೆಯ ಒಡಲಿನ ಹಾಸಿಗೂ, ಅಂದರೆ ಮಗ್ಗದ ಉದ್ದನೆಯ ಎಳೆಗಳಿಗೂ, ಸೆರಗಿನ ಹಾಸಿಗೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಎರಡು ಹಾಸನ್ನು ಪಕ್ಕಪಕ್ಕ ಇಟ್ಟು ‘ಜೋಡಣೆಯಾಯಿತು’ ಎಂದರೆ ಅದನ್ನು ಯಾವ ಹೆಣ್ಣುಮಗಳೂ ಉಡುವುದಿಲ್ಲ.

ಮೊದಲ ವಾರದಿಂದಲೇ ಕೋಡನ್ನು ಎರಡು ಸಲ, ಮೂರು ಸಲ ಒತ್ತಬೇಕಾಗುತ್ತಿತ್ತು. ಬಾಗಿಲು ತೆರೆದ ಮೂವತ್ತು ಸೆಕೆಂಡಿನಲ್ಲಿ ಕೋಡ್ ಮುಟ್ಟದಿದ್ದರೆ ಸೈರನ್ ಎಂಬುದು ನಿಮಗೆ ಗೊತ್ತೇ ಇದೆ. ಕೈಯಲ್ಲಿ ಹಾಲಿನ ತಂಬಿಗೆ ಹಿಡಿದು ಆ ಮೂವತ್ತು ಸೆಕೆಂಡು ಕಳೆಯುವುದು ಹೇಗಿರುತ್ತದೆ ಎಂಬುದು ನನ್ನ ಅವ್ವನಿಗೆ ಗೊತ್ತು. ಬಸ್ ನಿಲ್ದಾಣದ ಬಳಿ ಟಿವಿ ರಿಪೇರಿ ಮಾಡುವ ನಮ್ಮ ಪರಿಚಯದವರೊಬ್ಬರು ಒಂದು ಕಪ್ ಚಹಾಕ್ಕೆ ಕಾರಣ ತಿಳಿಸಿದರು. ಕಲ್ಲಿನ ಗೋಡೆ ಸಂಕೇತವನ್ನು ಅರ್ಧ ನುಂಗುತ್ತದೆ, ಉಳಿದದ್ದನ್ನು ಕಬ್ಬಿಣದ ಕಪಾಟು ತಡೆಯುತ್ತದೆ. ಪ್ಯಾನೆಲಿನಿಂದ ‘ತಲುಪಿತು’ ಎಂಬ ಮರುಸಂಕೇತ ಬಾರದೆ ಕೀಪ್ಯಾಡ್ ಮತ್ತೆ ಮತ್ತೆ ಕೂಗುತ್ತಲೇ ಇರುತ್ತದೆ, ಕೂಗಿ ಕೂಗಿ ಸೆಲ್ ಬರಿದಾಗುತ್ತದೆ. ಸೆಲ್ ಎಂದಾಗ ನೆನಪಾಯಿತು: ಲಿಥಿಯಂ ಸೆಲ್ ಹಾಕಿದರೆ ಎರಡು ವರ್ಷ ಎಂದು ನಿಮ್ಮ ಪೆಟ್ಟಿಗೆಯ ಮೇಲಿದೆ. ನಿಮ್ಮ ಹುಡುಗ ಹಾಕಿದ್ದು, ನನ್ನ ಅಂಗಡಿಯ ಹುಡುಗ ಎದುರಿನ ಕಿರಾಣಿಯಿಂದ ನನ್ನದೇ ದುಡ್ಡಿನಲ್ಲಿ ತಂದ ಗಡಿಯಾರದ ಸೆಲ್‌ಗಳನ್ನು. ಅವು ಆರು ವಾರ ಬಂದವು.

ಇನ್ನು ಆ ರಾತ್ರಿ. ಜುಲೈ 29 ನಾಗರ ಪಂಚಮಿ. ಪಂಚಮಿಗೆ ನಮ್ಮ ಕಡೆ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ. ಇಬ್ಬರು ತಂಗಿಯರು, ಅವರ ಐದು ಮಕ್ಕಳು ಪಡಸಾಲೆಯಲ್ಲಿ ಸಾಲಾಗಿ ಮಲಗಿದ್ದರು. ಶೇಂಗಾ ಉಂಡಿ ಕಟ್ಟಿ ಹೆಂಗಸರು ದೀಪ ಆರಿಸಿದ್ದೇ ಹನ್ನೆರಡಕ್ಕೆ. ಎರಡು ಗಂಟೆ ಹತ್ತು ನಿಮಿಷಕ್ಕೆ ಗ್ರಾನೈಟ್ ಕಲ್ಲು ಹೇರಿದ ಲಾರಿಯೊಂದು ಹಾದು ಹೋಯಿತು. ಅದರ ಬೆನ್ನಿಗೇ ಸೈರನ್ ಹೊಡೆದುಕೊಂಡಿತು.

ಕಳ್ಳರಿರಲಿಲ್ಲ. ಹಿತ್ತಲಿಗೆ ಓಡಿ ಕೋಡ್ ಒತ್ತಿದೆ. ಕೆಂಪು ದೀಪ. ಮತ್ತೆ ಒತ್ತಿದೆ. ಕೆಂಪು ದೀಪ. ಒಳಗೆ ಬಂದು ಮೇನ್ ಸ್ವಿಚ್ ಕೆಳಗೆ ಮಾಡಿದೆ. ಇಡೀ ಮನೆ ಕತ್ತಲಾಯಿತು, ಸೈರನ್ ಮಾತ್ರ ನಿಲ್ಲಲಿಲ್ಲ. ಒಳಗೆ 12 ವೋಲ್ಟಿನ ಬ್ಯಾಟರಿ ಇರುವುದರಿಂದ ಕರೆಂಟ್ ತೆಗೆದರೂ ಅಲಾರಂ ನಿಲ್ಲುವುದಿಲ್ಲ ಎಂದು ನಿಮ್ಮ ಪ್ರತಿನಿಧಿ ಹೇಳಿದ್ದರು. ಅವರು ಹೇಳಿದ್ದರಲ್ಲಿ ಇದೊಂದು ಸಂಪೂರ್ಣ ನಿಜವೆಂದು ಈ ಮೂಲಕ ದೃಢೀಕರಿಸುತ್ತೇನೆ.

ಓಣಿಯ ಜನ ಲುಂಗಿ ಬಿಗಿದುಕೊಂಡು ಬಂದರು. ರಾತ್ರಿ ಗಸ್ತಿನ ಪೊಲೀಸರೊಬ್ಬರು ಬೈಕ್ ನಿಲ್ಲಿಸಿದರು. ಎಲ್ಲರ ನಡುವೆ ನಿಂತು ನಿಮ್ಮ ಇಪ್ಪತ್ತನಾಲ್ಕು ಗಂಟೆಯ ಸಹಾಯವಾಣಿಗೆ ಕರೆ ಮಾಡಿದೆ. ಕನ್ನಡಕ್ಕೆ ಐದನ್ನು ಒತ್ತಿ ಎಂದಿತು, ಒತ್ತಿದೆ. ಏಳು ನಿಮಿಷ ಸಂಗೀತ ಕೇಳಿಸಿದಿರಿ. ಒಂದು ಕಿವಿಯಲ್ಲಿ ನಿಮ್ಮ ಕೊಳಲು, ಇನ್ನೊಂದರಲ್ಲಿ ನಿಮ್ಮ ಸೈರನ್. ಕೊನೆಗೆ ಒಬ್ಬರು ಬಂದರು. ಆ ಮಾತುಕತೆಯನ್ನು ನೀವು ತರಬೇತಿಗಾಗಿ ಧ್ವನಿಮುದ್ರಿಸಿಕೊಂಡಿದ್ದೀರಂತೆ. ಆದರೂ ಇಲ್ಲಿ ಬರೆಯುತ್ತೇನೆ, ತರಬೇತಿಗೆ ಬಿಡುವಿಲ್ಲದಿದ್ದರೆ ಓದಲಾದರೂ ಸಿಗಲಿ.

‘ಸರ್, ನಿಮ್ಮ ಕಡೆ ತುಂಬಾ ಸದ್ದಿದೆ. ಸದ್ದಿಲ್ಲದ ಜಾಗಕ್ಕೆ ಹೋಗಿ ಮಾತನಾಡುತ್ತೀರಾ?’

‘ತಮ್ಮಾ, ಆ ಸದ್ದಿನ ಬಗ್ಗೆಯೇ ಕರೆ ಮಾಡಿದ್ದೇನೆ.’

‘ಸರಿ ಸರ್. ಸೈರನ್ ಕೆಲಸ ಮಾಡುತ್ತಿಲ್ಲವೇ ಸರ್?’

ನಾನು ಉತ್ತರಿಸಲಿಲ್ಲ. ಮೊಬೈಲನ್ನು ಸೈರನ್ ಕಡೆಗೆ ಎತ್ತಿ ಹಿಡಿದೆ.

‘ಅರ್ಥವಾಯಿತು ಸರ್. ಪರಿಶೀಲನೆಗಾಗಿ ನಿಮ್ಮ ಗುಪ್ತಪದ ಹೇಳಿ.’

ಗುಪ್ತಪದವೊಂದಿದೆ ಎಂಬುದೇ ನನಗೆ ಆಗ ತಿಳಿದದ್ದು. ಅಳವಡಿಸಿದ ದಿನ ಯಾರೂ ಕೇಳಿರಲಿಲ್ಲ. ಸುಳಿವು ಕೊಡಬಹುದೇ ಎಂದೆ. ‘ನಿಮ್ಮ ನೆಚ್ಚಿನ ಊರು ಸರ್. ಮೂರು ಅವಕಾಶ ಇದೆ’ ಎಂದರು. ಸೈರನ್ನಿನ ನಡುವೆ ಕೇಳಿಸಬೇಕಾದ್ದರಿಂದ ಕೂಗಿಯೇ ಹೇಳಬೇಕಾಯಿತು. ‘ಇಳಕಲ್!’ ಎಂದೆ. ತಪ್ಪು. ‘ಕೂಡಲಸಂಗಮ!’ ತಪ್ಪು. ಐವತ್ತೆಂಟು ವರ್ಷದ ನಾನು, ಬನಿಯನ್ ಹಾಕಿಕೊಂಡು, ಎರಡೂವರೆ ರಾತ್ರಿಯಲ್ಲಿ, ನಡುಬೀದಿಯಲ್ಲಿ ಬಸ್ ನಿಲ್ದಾಣದ ಏಜೆಂಟನಂತೆ ಊರ ಹೆಸರು ಕೂಗುತ್ತಿದ್ದೆ. ಪಕ್ಕದ ಪಾತ್ರೆ ಅಂಗಡಿಯವರು, ಪಾಪ, ನೆರವಾಗಲೆಂದೇ, ‘ಅಣ್ಣಾ, ಕುಷ್ಟಗಿ ಹೇಳಿ ನೋಡಿ’ ಎಂದರು. ಕುಷ್ಟಗಿ ನನ್ನ ಹೆಂಡತಿಯ ತವರು. ಆಕೆ ಮೇಲಿನಿಂದ ನೋಡುತ್ತಿದ್ದಳು. ಹೇಳಿದೆ. ಅದೂ ತಪ್ಪು.

‘ಕ್ಷಮಿಸಿ ಸರ್. ನಿಮ್ಮ ಖಾತೆ 24 ಗಂಟೆ ಬಂದ್ ಆಗಿದೆ. ನೀವು ಗ್ರಾಹಕರೇ ಎಂದು ಖಚಿತವಾಗದೆ ಸೈರನ್ ನಿಲ್ಲಿಸುವ ವಿಧಾನ ಹೇಳಲಾಗದು. ಕಳ್ಳರೂ ಹೀಗೆ ಕರೆ ಮಾಡಬಹುದು ಸರ್.’

ಮೊಬೈಲಿನ ಸ್ಪೀಕರ್ ಹಾಕಿದ್ದೆ. ಎಲ್ಲರಿಗೂ ಕೇಳಿಸಿತು. ಗಸ್ತಿನವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ‘ಸಾಹುಕಾರರೇ, ತಪ್ಪು ತಿಳಿಯಬೇಡಿ, ಅಂಗಡಿ ನಿಮ್ಮದೇ ಎಂಬುದಕ್ಕೆ ಏನಾದರೂ ಕಾಗದವಿದೆಯೇ?’ ಎಂದರು. ಹೊಸದಾಗಿ ವರ್ಗವಾಗಿ ಬಂದವರು, ಅವರ ಕರ್ತವ್ಯ ಅವರು ಮಾಡಿದರು. ಮಹಡಿಯಿಂದ ನನ್ನ ಅಪ್ಪ, ಎಂಬತ್ತಮೂರು ವರ್ಷ, ‘ಅವನು ನನ್ನ ಮಗ!’ ಎಂದು ಕೂಗಿ ಹೇಳಬೇಕಾಯಿತು. ಕರೆ ಕಡಿಯುವ ಮೊದಲು ನಿಮ್ಮವರು, ಇಂದಿನ ಸೇವೆಗೆ ಐದರಲ್ಲಿ ಎಷ್ಟು ಅಂಕ ಕೊಡುತ್ತೀರಿ ಎಂದು ಕೇಳಿದರು.

ಗುರುತು ಕೇಳುವ ನಿಯಮ ತಪ್ಪೆಂದು ನಾನು ಹೇಳುವುದಿಲ್ಲ. ಒಳ್ಳೆಯ ನಿಯಮ. ಅದನ್ನು ನನಗೂ ಒಂದು ಮಾತು ತಿಳಿಸಿದ್ದರೆ ಇನ್ನೂ ಒಳ್ಳೆಯದಿರುತ್ತಿತ್ತು.

ಸೈರನ್ ಐದು ನಿಮಿಷಕ್ಕೆ ತಾನಾಗಿ ನಿಲ್ಲುವುದು, ಉಸಿರು ಬಿಡುವಷ್ಟರಲ್ಲಿ ಮತ್ತೆ ಹಿಡಿಯುವುದು. ಹೀಗೆ ನಲವತ್ತೊಂದು ನಿಮಿಷ. ಕೊನೆಗೆ ಕಾರಣ ಹಿಡಿದವನು ತಂಗಿಯ ಮಗ, ಆರನೆಯ ತರಗತಿ. ‘ಮಾವಾ, ಇದನ್ನು ಒತ್ತಿ ಹಿಡಿದರೆ ಕೂಗುವುದಿಲ್ಲ’ ಎಂದು ಕೀಪ್ಯಾಡನ್ನು ಅಂಗೈಯಿಂದ ಗೋಡೆಗೆ ಒತ್ತಿ ನಿಂತ. ಯಾರಾದರೂ ಕಿತ್ತರೆ ತಿಳಿಯಲೆಂದು ಅದರ ಬೆನ್ನಿಗೆ ಒಂದು ಪುಟ್ಟ ಸ್ಪ್ರಿಂಗ್ ಗುಂಡಿ ಇದೆಯಲ್ಲ, ನೀವು ಟ್ಯಾಂಪರ್ ಸ್ವಿಚ್ ಎನ್ನುತ್ತೀರಿ, ಅದು ಗೋಡೆಗೆ ಒತ್ತಿಕೊಂಡೇ ಇರಬೇಕು. ನಮ್ಮ ಗೋಡೆ ಕೈಯಿಂದ ಕೆತ್ತಿದ ಕಲ್ಲು, ಉಬ್ಬುತಗ್ಗು. ನಿಮ್ಮ ಹುಡುಗ ಸರಿಯಾಗಿ ತಗ್ಗಿನ ಮೇಲೆಯೇ ಕೂರಿಸಿದ್ದ. ಗುಂಡಿ ಅರ್ಧ ಒತ್ತಿ ಅರ್ಧ ಬಿಟ್ಟು ನಿಂತಿತ್ತು, ಲಾರಿ ಅದುರಿಸಿದಾಗ ಬಿಟ್ಟುಕೊಂಡಿತು. ಸೀರೆ ಪೆಟ್ಟಿಗೆಯ ರಟ್ಟನ್ನು ನಾಲ್ಕು ಪದರ ಮಡಚಿ ಅದರ ಹಿಂದೆ ತುರುಕಿದೆ. ತುರುಕುವಾಗ ಕೊನೆಯ ಸಲ ಕೂಗಿ, ಸುಮ್ಮನಾಯಿತು. ಹೊಸ ಸೆಲ್ ಹಾಕಿದೆ. ಒಂಬತ್ತು ದಿನ ಸದ್ದಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ಆಗಸ್ಟ್ 6ರಂದು ನಿಮ್ಮ ಸೇವಾ ಸಿಬ್ಬಂದಿ ಬಂದರು. ನನ್ನ ಅಂಗಡಿಯ ಹುಡುಗ, ಇಬ್ಬರು ಗಿರಾಕಿಗಳು ನೋಡುತ್ತಿರುವಾಗಲೇ 1, 2, 3, 4 ಎಂದು ಒತ್ತಿ ತಂತ್ರಜ್ಞರ ಕೋಡಿನಿಂದ ಒಳಹೊಕ್ಕರು. ಕಾರ್ಖಾನೆಯಿಂದ ಬಂದ ಆ ಕೋಡನ್ನು ಅಳವಡಿಸಿದ ದಿನವೇ ಬದಲಿಸಬೇಕು ಎಂಬುದು ನಿಮ್ಮದೇ ನಿಯಮ. ಮಾಲೀಕನಿಗೆ ಮೂರು ಊರಿನ ಪರೀಕ್ಷೆ, ಕಳ್ಳನಿಗೆ ಒಂದು ಎರಡು ಮೂರು ನಾಲ್ಕು. ನನ್ನ ಗುಪ್ತಪದವನ್ನೂ ಅವರೇ ಓದಿ ಹೇಳಿದರು: ‘ಗೋವಾ’. ನಾನು ಈವರೆಗೆ ಗೋವಾಕ್ಕೆ ಹೋಗಿಲ್ಲ. ಜೂನ್‌ನಲ್ಲಿ ಬಂದ ಹುಡುಗನಿಗೆ ಹೋಗುವ ಆಸೆಯಿತ್ತೋ ಏನೋ.

ಆಮೇಲೆ ರಟ್ಟನ್ನು ಕಿತ್ತು ಫೋಟೋ ತೆಗೆದುಕೊಂಡು ಜಾಬ್ ಕಾರ್ಡಿನಲ್ಲಿ ಬರೆದರು: ‘ಗ್ರಾಹಕರು ಉಪಕರಣದ ಹಿಂದೆ ಹೊರಗಿನ ವಸ್ತು ಸೇರಿಸಿ ಅದನ್ನು ಕೆಡಿಸಿದ್ದಾರೆ. ವಾರಂಟಿ ಅನ್ವಯಿಸದು.’ ಭೇಟಿ ಶುಲ್ಕ 500, ಜಿಎಸ್‌ಟಿ 90, ಒಟ್ಟು 590 ರೂಪಾಯಿ ಪಡೆದರು. ಅವರು ಹೋದ ಎರಡು ಗಂಟೆಗೆ ಇನ್ನೊಂದು ಲಾರಿ ಬಂತು. ಸೈರನ್ ಕೂಗಿತು. ನಾನು ಇನ್ನೊಂದು ರಟ್ಟು ಮಡಚಿದೆ.

ಈಗ ನಿಮ್ಮಿಂದ ಆಗಬೇಕಾದದ್ದು. ಪ್ಯಾನೆಲನ್ನು ಕಪಾಟಿನ ಮಗ್ಗುಲಿನಿಂದ ಎತ್ತಿ ಬೇರೆಡೆ ಹಾಕಿ, ಇಲ್ಲವೇ ನಡುವೆ ಸಂಕೇತ ದಾಟಿಸುವ ರಿಪೀಟರ್ ಕೂರಿಸಿ, ಅದೂ ಆಗದಿದ್ದರೆ ನಾನು ಮೊದಲೇ ಕೇಳಿದ್ದ ತಂತಿ ಎಳೆಯಿರಿ. ಕೀಪ್ಯಾಡಿನ ಹಿಂದೆ ಸಮತಟ್ಟಾದ ಹಲಗೆ ಹೊಡೆಯಿರಿ. ಎಲ್ಲ ಕೋಡುಗಳನ್ನು ನನ್ನ ಎದುರು ಬದಲಿಸಿ. 590 ರೂಪಾಯಿ ಮರಳಿಸಿ, ಮತ್ತು ಆ ಷರಾವನ್ನು ಲಿಖಿತವಾಗಿ ಹಿಂಪಡೆಯಿರಿ. ದುಡ್ಡಿಗಿಂತ ನನಗೆ ಷರಾ ಮುಖ್ಯ. ನಿಮ್ಮ ಯಂತ್ರವನ್ನು ಕೆಡಿಸಿದವನು ಎಂದು ನನ್ನ ಹೆಸರಿನ ಮುಂದೆ ಬರೆದಿಟ್ಟಿದ್ದೀರಿ.

ದಯವಿಟ್ಟು ಕರೆ ಮಾಡಬೇಡಿ, ಕಾಗದ ಬರೆಯಿರಿ. ನಮ್ಮೂರಿನ ಮಠದ ಮಹಾಂತ ಜೋಳಿಗೆಯಲ್ಲಿ ಜನ ತಮ್ಮ ದುಶ್ಚಟಗಳನ್ನು ಹಾಕಿ ಕೈತೊಳೆದುಕೊಳ್ಳುತ್ತಾರೆ. ನಿಮ್ಮ ಸಹಾಯವಾಣಿಗೆ ಕರೆ ಮಾಡುವ ಚಟವನ್ನು ನಾನೂ ಮನಸ್ಸಿನಲ್ಲೇ ಅದಕ್ಕೆ ಹಾಕಿಬಿಟ್ಟಿದ್ದೇನೆ.

ಹದಿನೈದು ದಿನ ಕಾಯುತ್ತೇನೆ. ಹದಿನಾರನೆಯ ದಿನ ಬಾಗಲಕೋಟೆಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಅರ್ಜಿ ಹೋಗುತ್ತದೆ. ವ್ಯಾಜ್ಯವೇನಿದ್ದರೂ ನಿಮ್ಮ ನಗರದ ನ್ಯಾಯಾಲಯದಲ್ಲೇ ಎಂದು ಬಿಲ್ಲಿನ ಹಿಂದೆ ಮುದ್ರಿಸಿದ್ದೀರಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಐದು ಲಕ್ಷದ ಒಳಗಿನ ಪ್ರಕರಣಕ್ಕೆ ಶುಲ್ಕವೂ ಇಲ್ಲ. ಅಂಗಡಿಗಾಗಿ ಕೊಂಡವನು ಗ್ರಾಹಕನೇ ಅಲ್ಲ ಎಂದು ನಿಮ್ಮ ವಕೀಲರು ವಾದಿಸಬಹುದು. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯುವವನನ್ನು ಅದೇ ಕಾಯ್ದೆ ಗ್ರಾಹಕ ಎಂದೇ ಕರೆಯುತ್ತದೆ. ಅಲ್ಲದೆ ನಾನು ಗ್ರಾಹಕನಲ್ಲ ಎಂಬ ಮಾತನ್ನು ಓಣಿಯ ಮುಂದೆ ಒಮ್ಮೆ ಕೇಳಿಸಿಕೊಂಡಿದ್ದೇನೆ, ಎರಡನೆಯ ಸಲ ಅಷ್ಟು ನೋವಾಗಲಿಕ್ಕಿಲ್ಲ.

ಇನ್ನೊಂದು ಸಂಗತಿ. ನಿಮ್ಮ ಪ್ರತಿನಿಧಿ ನಮ್ಮ ಸಾಲಿನ ಇನ್ನೂ ಆರು ಅಂಗಡಿಗಳಿಗೆ ದರಪಟ್ಟಿ ಕೊಟ್ಟು ಹೋಗಿದ್ದಾರೆ. ಆ ಆರೂ ಜನ ಜುಲೈ 28ರ ರಾತ್ರಿ ಬೀದಿಯಲ್ಲೇ ಇದ್ದರು. ಪಾತ್ರೆ ಅಂಗಡಿಯವರ ಮಗ ಎಲ್ಲವನ್ನೂ ವಿಡಿಯೋ ಮಾಡಿಕೊಂಡಿದ್ದಾನೆ. ನಾನು ಕುಷ್ಟಗಿ ಎಂದು ಕೂಗುವುದು ಅದರಲ್ಲಿ ಸ್ಪಷ್ಟವಾಗಿದೆ. ಅದನ್ನು ಆಯೋಗದ ಮುಂದೆ ಹಾಕಿಸಲು ನನಗೆ ನಾಚಿಕೆಯಿಲ್ಲ, ಇದ್ದ ನಾಚಿಕೆ ಅಂದೇ ಖರ್ಚಾಗಿದೆ.

ಇಂತಿ,
ನಿಮ್ಮ ದಾಖಲೆಯ ಪ್ರಕಾರ ಇನ್ನೂ ಖಚಿತವಾಗದ ಗ್ರಾಹಕ

ಲಗತ್ತು: ಬಿಲ್ಲಿನ ಪ್ರತಿ, ಜಾಬ್ ಕಾರ್ಡಿನ ಪ್ರತಿ, 590 ರೂಪಾಯಿಯ ರಸೀದಿ, ಮತ್ತು ನಾಲ್ಕು ಪದರ ಮಡಚಿದ ರಟ್ಟು ಒಂದು. ನಿಮ್ಮ ಮುಂದಿನ ತಂತ್ರಜ್ಞರು ಬರುವಾಗ ಇದನ್ನು ಜೊತೆಗೆ ತರಲಿ.