ಸಿಂಹದೆದೆಯ ರಾಜ ಊರಲ್ಲಿದ್ದಿದ್ದೇ ಆರು ತಿಂಗಳು

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣೀಲಿ ಇಂಗ್ಲೆಂಡಿನ ಒಂದನೇ ರಿಚರ್ಡ್ ('ಸಿಂಹದೆದೆ' ಅಂತ ಬಿರುದಿದ್ದ ರಾಜ) ಬಗ್ಗೆ ಬಂದ ಲೇಖನ ಓದಿದೆ. ಜೆರುಸಲೇಂಗಾಗಿ ಕ್ರೈಸ್ತರು ಹೂಡಿದ ಧರ್ಮಯುದ್ಧದಲ್ಲಿ (ಕ್ರುಸೇಡ್), ಅರ್ಸೂಫ್ ಅನ್ನೋ ಊರಲ್ಲಿ ಮುಸ್ಲಿಂ ಸುಲ್ತಾನ ಸಲಾದೀನನ ಸೈನ್ಯ ಹಿಮ್ಮೆಟ್ಟಿಸಿದ್ದು ಎಲ್ಲಾ ಸರಿ, ಆದ್ರೆ ಅದಕ್ಕೂ ಮುಂಚೆ ಆಕ್ರೆ ಪಟ್ಟಣದಲ್ಲಿ ಸುಮಾರು 2,700 ಸೆರೆಯಾಳುಗಳನ್ನ ಕಡಿಸಿದ್ದು ಎಲ್ಲೋಯ್ತು? ಅದೂ ಹೋಗ್ಲಿ, 'ಮಾದರಿ ಆಳ್ವಿಕೆ' ಅಂದಿದ್ದೀರಲ್ಲ, ಅದು ಮಾತ್ರ ಗಂಟಲಲ್ಲಿ ಇಳೀಲಿಲ್ಲ.

1189ರಿಂದ 1199ರವರೆಗೆ ಹತ್ತು ವರ್ಷ ರಾಜ, ಅದ್ರಲ್ಲಿ ಇಂಗ್ಲೆಂಡಲ್ಲಿದ್ದಿದ್ದು ಎರಡು ಸಲದ್ದೂ ಸೇರಿಸಿದ್ರೆ ಆರು ತಿಂಗಳು. ಪಟ್ಟಕ್ಕೆ ಬಂದ, ಆ ಧರ್ಮಯುದ್ಧದ ದಂಡಯಾತ್ರೆಗೆ ದುಡ್ಡು ಬೇಕು ಅಂತ ಶೆರಿಫ್ (ಜಿಲ್ಲೇಲಿ ರಾಜನ ಅಧಿಕಾರಿ) ಪೋಸ್ಟುಗಳನ್ನೇ ಮಾರಿದ, ಸ್ಕಾಟ್ಲೆಂಡ್ ರಾಜನತ್ರ 10,000 ಮಾರ್ಕ್ (ಆಗಿನ ಬೆಳ್ಳಿ ಹಣದ ಲೆಕ್ಕ) ಇಸ್ಕೊಂಡು ಅವನ ಮೇಲಿನ ಅಧಿಪತ್ಯದ ಹಕ್ಕು ಬಿಟ್ಕೊಟ್ಟ, ಹೊರಟ. ವಾಪಸ್ ಬರೋವಾಗ 1192ರ ಡಿಸೆಂಬರಲ್ಲಿ ವಿಯೆನ್ನಾ ಹತ್ರ ಸಿಕ್ಕಿಬಿದ್ದ. ಬಿಡಿಸ್ಕೊಳ್ಳೋಕೆ ಕೇಳಿದ್ದು ಒಂದೂವರೆ ಲಕ್ಷ ಮಾರ್ಕ್ ಬೆಳ್ಳಿ, ಅದಕ್ಕೆ ಜನರ ಆದಾಯದಲ್ಲಿ ನಾಕನೇ ಒಂದು ಭಾಗ, ಚರ್ಚುಗಳ ಬೆಳ್ಳಿ ಪಾತ್ರೆ, ಸನ್ಯಾಸಿಗಳು ಸಾಕಿದ್ದ ಕುರಿಗಳ ಉಣ್ಣೆ ಕೂಡ ಬಿಡ್ಲಿಲ್ಲ. ನಾನು ಕಂದಾಯ ಇಲಾಖೇಲಿ ತಲೆ ಬೆಳ್ಳಗೆ ಮಾಡ್ಕೊಂಡೋನು, ಬರದ ವರ್ಷ ಕಂದಾಯ ಕೇಳೋಕೆ ಮನೆ ಬಾಗಿಲಿಗೆ ಹೋದ್ರೆ ಆ ಮುಖಗಳು ಹೆಂಗಿರ್ತವೆ ಅಂತ ನೋಡಿದ್ದೀನಿ.

ನಿಜವಾಗ್ಲೂ ರಾಜ್ಯ ನಡೆಸಿದೋನು ಹ್ಯೂಬರ್ಟ್ ವಾಲ್ಟರ್, ಕ್ಯಾಂಟರ್ಬರಿ ಆರ್ಚ್‌ಬಿಷಪ್. ನಿಮ್ಮ ಲೇಖನದಲ್ಲಿ ಅವನ ಹೆಸರೇ ಇಲ್ಲ! 1194ರಲ್ಲಿ ಪ್ರತಿ ಕೌಂಟಿಗೂ (ಅಲ್ಲಿನ ಜಿಲ್ಲೆ) ಕರೋನರ್‌ಗಳನ್ನ ಇಟ್ಟಿದ್ದು ಅವನ ಕಾಲದಲ್ಲೇ, ಅಸಹಜ ಸಾವಾದ್ರೆ ವಿಚಾರಣೆ ಮಾಡೋರು ಅವರು. ಆಮೇಲೆ 1196ರಲ್ಲಿ ಇಡೀ ರಾಜ್ಯಕ್ಕೆಲ್ಲಾ ಒಂದೇ ಅಳತೆ, ಬಟ್ಟೆ ಅಳೆಯೋ ಗಜ ಕಬ್ಬಿಣದ್ದೇ ಇರ್ಬೇಕು ಅಂತ ಕಟ್ಟಳೆ ಬಂತು. ತಿಪಟೂರು ಕೊಬ್ಬರಿ ಮಂಡೀಲಿ ತೂಕದ ಜಗಳ ಕಂಡೋರಿಗೆ ಇದರ ಬೆಲೆ ಬಿಡಿಸಿ ಹೇಳ್ಬೇಕಿಲ್ಲ.

ಆಗ ನಮ್ಮ ಕಡೆ ಇಮ್ಮಡಿ ವೀರಬಲ್ಲಾಳನ ಕಾಲ, ಅವನೂ ಯುದ್ಧ ಮಾಡ್ದೋನೇ, 'ಗಿರಿದುರ್ಗಮಲ್ಲ' ಅಂತ ಬಿರುದು ಬೇರೆ. ಬಿರುದು ನೋಡಿ ರಾಜನ್ನ ಅಳೆಯೋ ಚಟ ನಮಗೂ ಇದೆ ಬಿಡಿ, ಅದಕ್ಕೇ ಲೇಖಕರ ಮೇಲೆ ಪೂರ್ತಿ ಕೋಪ ಇಲ್ಲ.

ಆದ್ರೆ ಒಂದು ತಿದ್ದುಪಡಿ ಹಾಕಲೇಬೇಕು. 'ಧರ್ಮಯುದ್ಧದಲ್ಲಿ ಮಡಿದ' ಅಂತಿದೆ, ತಪ್ಪು. ಸತ್ತಿದ್ದು ಫ್ರಾನ್ಸಲ್ಲಿ, ಶಾಲೂ ಅನ್ನೋ ಚಿಕ್ಕ ಕೋಟೆ ಮುತ್ತಿಗೇಲಿ ಭುಜಕ್ಕೆ ಬಾಣ ಬಿದ್ದು ಗಾಯ ಕೊಳೆತು, 1199ರ ಏಪ್ರಿಲ್ 6ಕ್ಕೆ. ಮನೇಲಿ ಮೊಮ್ಮಗಳು ಕೆಎಎಸ್‌ಗೆ ಓದ್ತಿದ್ದಾಳೆ, ನಿಮ್ಮ ಪುರವಣಿ ಕತ್ತರಿಸಿ ಫೈಲ್ ಮಾಡ್ಕೋತಾಳೆ.

— ನಿವೃತ್ತ ರೆವಿನ್ಯೂ ಇನ್ಸ್‌ಪೆಕ್ಟರ್, ಗುಬ್ಬಿ, ತುಮಕೂರು ಜಿಲ್ಲೆ